ಕತ್ತರಿ ಅರ್ಧ ಕೆಲಸ, ನೆರಳು ಇನ್ನರ್ಧ

ಸೆಖೆ ತಡೆಯಲಾಗದ ಒಂದು ರಾತ್ರಿ. ಅಪಾರ್ಟ್‌ಮೆಂಟಿನ ಎಲ್ಲ ಮನೆಗಳ ಕಿಟಕಿ ಮುಚ್ಚಿದೆ, ಒಳಗೆ ಫ್ಯಾನು, ಏಸಿ ತಿರುಗುತ್ತಿವೆ. ಹೊರಗೆ ಚಂದ್ರ ಸೆಖೆಗೆ ಕರಗಿ ತೊಟತೊಟ ತೊಟ್ಟಿಕ್ಕುತ್ತಿದ್ದಾನೆ. ಅಜ್ಜಿಯೊಬ್ಬಳು ಬೋಗುಣಿ ಹಿಡಿದು ಓಡಿಬಂದು ಆ ಹನಿಗಳನ್ನು ತುಂಬಿಕೊಳ್ಳುತ್ತಾಳೆ, ಅಚ್ಚಿಗೆ ಹೊಯ್ದು ಫ್ರೀಜರಿನಲ್ಲಿ ಇಡುತ್ತಾಳೆ. ಕರೆಂಟು ಹೋದಾಗ ನೆರೆಹೊರೆಯವರಿಗೆಲ್ಲ ಒಂದೊಂದು ಚಂದ್ರನ ಐಸ್ ಸಿಗುತ್ತದೆ.

ದಕ್ಷಿಣ ಕೊರಿಯಾದ ಬೆಕ್ ಹೀನಾ 2010ರಲ್ಲಿ ತಂದ ‘ಮೂನ್ ಶರ್ಬೆಟ್’ ಎಂಬ ಮಕ್ಕಳ ಪುಸ್ತಕದ ಕಥೆಯಿದು. ಅದನ್ನು ಮೊದಲ ಸಲ ತೆರೆದಾಗ ನಾನು ಕಥೆ ಓದಲಿಲ್ಲ, ಕಿಟಕಿಗಳನ್ನೇ ನೋಡುತ್ತ ಕುಳಿತೆ. ಹಳದಿ ಬಣ್ಣ ಬಳಿದು ಮಾಡಿದ ಬೆಳಕಾಗಿರಲಿಲ್ಲ ಅದು. ಪುಟ್ಟದೊಂದು ರಟ್ಟಿನ ಕಟ್ಟಡ ಕಟ್ಟಿ, ಒಳಗೆ ನಿಜವಾದ ದೀಪ ಉರಿಸಿ, ಕತ್ತರಿಸಿದ ಕಾಗದದ ಪಾತ್ರಗಳನ್ನು ನಿಲ್ಲಿಸಿ ಫೋಟೊ ತೆಗೆದಿದ್ದಾರೆ. ಪಾತ್ರಗಳ ಅಂಚಿಗೆ ಬೆಳಕು ತಾಗಿದೆ, ಬೆನ್ನಿಗೆ ನೆರಳು ಬಿದ್ದಿದೆ. ಉಡುಪಿ ಕಡೆ ಬೆಳೆದ ನನಗೆ ಆಗ ನೆನಪಾದದ್ದು ಗೂಡುದೀಪ. ಬಿದಿರ ಕಡ್ಡಿಯ ಚೌಕಟ್ಟಿಗೆ ಮೈದಾ ಅಂಟಿನಿಂದ ಬಣ್ಣದ ಕಾಗದ ಮೆತ್ತುತ್ತಿದ್ದೆವು. ಹಗಲಲ್ಲಿ ನೋಡಿದರೆ ಸುಕ್ಕು, ಅಂಟಿನ ಕಲೆ, ಮಕ್ಕಳ ಬೆರಳಚ್ಚು ಎಲ್ಲ ಕಾಣುತ್ತಿತ್ತು. ಮುಸ್ಸಂಜೆ ಒಳಗೆ ದೀಪ ಇಟ್ಟದ್ದೇ ತಡ, ಅದೇ ಕಾಗದ ಜಗಲಿಯನ್ನೆಲ್ಲ ಬೆಳಗುತ್ತಿತ್ತು.

ಕಾಗದ ಕತ್ತರಿಸಿ, ಮಡಿಸಿ, ಗೊಂಬೆ ಮಾಡಿ, ಅದನ್ನೇ ಪುಸ್ತಕದ ಚಿತ್ರವಾಗಿಯೋ ಅನಿಮೇಶನ್ ಆಗಿಯೋ ತರುವ ಕಲಾವಿದರು ಈಗ ಜಗತ್ತಿನ ಎಲ್ಲೆಡೆ ಇದ್ದಾರೆ. ಕಾಗದದ ಕೆಲಸದ ಶಿಬಿರಗಳಲ್ಲಿ ನನಗೆ ಸಿಗುವ ಹುಡುಗ ಹುಡುಗಿಯರು ಹೆಚ್ಚಾಗಿ ಕೇಳುವುದು ಯಾವ ಬ್ಲೇಡು, ಯಾವ ಕಾಗದ ಎಂದು. ಅದನ್ನು ಹೇಳುತ್ತೇನೆ. ಆದರೆ ಈ ಕೆಲಸದಲ್ಲಿ ಓದುಗರ ಕೈಗೆ ನಿಮ್ಮ ಕಾಗದ ಹೋಗುವುದಿಲ್ಲ, ಅದರ ಫೋಟೊ ಹೋಗುತ್ತದೆ ಎಂಬುದನ್ನು ಮೊದಲ ದಿನವೇ ಮನಸ್ಸಿಗೆ ತಂದುಕೊಳ್ಳಿ. ಕಾಗದದ ಮೇಲೆ ಬೆಳಕು ಹೇಗೆ ಬಿತ್ತು, ಆ ಫೋಟೊ ಯಾರ ಹೆಸರಿಗೆ ಹೋಯಿತು ಎಂಬ ಎರಡು ಪ್ರಶ್ನೆಗಳು ಕತ್ತರಿಯಷ್ಟೇ ಮುಖ್ಯ.

ಯಾರ ಕೆಲಸ ನೋಡಬೇಕು

ಬೆಕ್ ಹೀನಾ ಅವರಿಂದಲೇ ಶುರು ಮಾಡಿ. ಅಮೆರಿಕದ ಕ್ಯಾಲ್‌ಆರ್ಟ್ಸ್‌ನಲ್ಲಿ ಅನಿಮೇಶನ್ ಕಲಿತವರು ಅವರು. ಅವರ ಪುಸ್ತಕದ ಪ್ರತಿ ಪುಟವೂ ಸಿನಿಮಾದ ಒಂದು ಶಾಟ್‌ನಂತೆ ಇರುವುದಕ್ಕೆ ಅದೇ ಕಾರಣ. 2017ರ ‘ಮ್ಯಾಜಿಕ್ ಕ್ಯಾಂಡೀಸ್’ನಲ್ಲಿ ಕಾಗದ ಬಿಟ್ಟು ಜೇಡಿಯಂಥ ವಸ್ತುವಿನಲ್ಲಿ ಗೊಂಬೆ ಮಾಡಿದರು. ಆ ಪುಸ್ತಕವನ್ನು ಜಪಾನಿನ ತೋಯಿ ಅನಿಮೇಶನ್ ಕಿರುಚಿತ್ರ ಮಾಡಿತು, ಅದು 2025ರ ಆಸ್ಕರ್‌ಗೆ ನಾಮನಿರ್ದೇಶನವಾಯಿತು. 2020ರಲ್ಲಿ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ಆಸ್ಟ್ರಿಡ್ ಲಿಂಡ್‌ಗ್ರೆನ್ ಪ್ರಶಸ್ತಿ ಅವರಿಗೆ ಬಂತು.

ಆಸ್ಟ್ರೇಲಿಯಾದ ಶಾನ್ ಟಾನ್ ಹೆಚ್ಚು ಹೆಸರಾದದ್ದು ಕುಂಚದ ಚಿತ್ರಗಳಿಂದ. ‘ದಿ ಸಿಂಗಿಂಗ್ ಬೋನ್ಸ್’ ಪುಸ್ತಕಕ್ಕೆ ಮಾತ್ರ ಅವರು ಗ್ರಿಮ್ ಸೋದರರ ಕಥೆಗಳನ್ನು ಕಾಗದದ ಮುದ್ದೆ, ಜೇಡಿಮಣ್ಣಿನಲ್ಲಿ ಚಿಕ್ಕ ಶಿಲ್ಪಗಳಾಗಿ ಮಾಡಿ ಫೋಟೊ ತೆಗೆದರು. ಆ ಗೊಂಬೆಗಳಿಗೆ ಮುಖಭಾವ ಎಂಬುದೇ ಹೆಚ್ಚುಕಡಿಮೆ ಇಲ್ಲ. ದುಃಖವೋ ಭಯವೋ ಗೊತ್ತಾಗುವುದು ಮೈಯ ಬಾಗಿನಿಂದ, ಬಿದ್ದ ನೆರಳಿನಿಂದ. ಅವರದೇ ಪುಸ್ತಕ ಆಧರಿಸಿ ಅವರೂ ಆಂಡ್ರ್ಯೂ ರೂಹ್‌ಮನ್ ಅವರೂ ನಿರ್ದೇಶಿಸಿದ ‘ದಿ ಲಾಸ್ಟ್ ಥಿಂಗ್’ 2011ರಲ್ಲಿ ಆಸ್ಕರ್ ಪಡೆಯಿತು. ಡೆನ್ಮಾರ್ಕಿನ ಪೀಟರ್ ಕಾಲೆಸನ್ ಒಂದೇ ಒಂದು ಎ4 ಹಾಳೆ ತೆಗೆದುಕೊಂಡು, ಕತ್ತರಿಸಿದ ತುಂಡಿನಿಂದಲೇ ಆಕೃತಿ ಎಬ್ಬಿಸುತ್ತಾರೆ. ಹಾಳೆಯಲ್ಲಿ ಉಳಿದ ಖಾಲಿ ಜಾಗ ಆ ಆಕೃತಿಯ ನೆರಳಿನಂತೆ ಮಲಗಿರುತ್ತದೆ. ಕೆನಡಾದ ಬಾರ್ಬರಾ ರೀಡ್ ಪ್ಲಾಸ್ಟಿಸಿನ್ ಮೆತ್ತಿ ಪುಸ್ತಕದ ಚಿತ್ರ ಮಾಡುತ್ತಾರೆ. ಶಾಲೆಗೆ ಹೋಗುವ ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ಸಿಗದು, ಅವರ ಕೈಯಲ್ಲಿರುವ ವಸ್ತುವೇ ಅಲ್ಲವೇ.

ನಮ್ಮ ದೇಶದಲ್ಲಿ ಹರಿ ಮತ್ತು ದೀಪ್ತಿ ಎಂದು ಹೆಸರಾದ ದಂಪತಿಯ ಕಾಗದದ ಬೆಳಕಿನ ಪೆಟ್ಟಿಗೆಗಳನ್ನು ತಪ್ಪದೆ ನೋಡಿ. ಬಿಳಿ ಕಾಗದದ ಹಲವು ಪದರ, ಹಿಂದೆ ಎಲ್‌ಇಡಿ, ಅಷ್ಟೇ. ಮುಂಬೈಯ ಸುರೇಶ್ ಎರಿಯಾಟ್ ಅವರ ‘ಟೋಕ್ರಿ’ ಜೇಡಿಯ ಗೊಂಬೆಗಳ ಕಿರುಚಿತ್ರ, ವರ್ಷಗಟ್ಟಲೆ ಹಿಡಿದ ಕೆಲಸ.

ಹಳಬರಲ್ಲಿ ಇಬ್ಬರನ್ನು ಬಿಡಬೇಡಿ. ಜರ್ಮನಿಯ ಲೋಟೆ ರೈನಿಗರ್ 1926ರಲ್ಲಿ ಮುಗಿಸಿದ ‘ಪ್ರಿನ್ಸ್ ಅಹ್ಮದ್’ ಚಿತ್ರ ಪೂರ್ತಿ ಕಪ್ಪು ರಟ್ಟಿನ ಆಕೃತಿಗಳದ್ದು. ಇಂದಿಗೆ ಉಳಿದಿರುವ ಪೂರ್ಣಪ್ರಮಾಣದ ಅನಿಮೇಶನ್ ಚಿತ್ರಗಳಲ್ಲಿ ಅದೇ ಅತಿ ಹಳೆಯದು. ಇನ್ನೊಬ್ಬರು ರಷ್ಯಾದ ಯೂರಿ ನಾರ್‌ಸ್ಟೀನ್. ಅವರ ಮಂಜಿನ ಗುಟ್ಟನ್ನು ಮುಂದೆ ಹೇಳುತ್ತೇನೆ.

ಏನೇನು ಬೇಕು

ಹೆಚ್ಚೇನೂ ಬೇಡ. ಕಾಗದದ ತೂಕವನ್ನು ಜಿಎಸ್‌ಎಂನಲ್ಲಿ, ಎಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಜೆರಾಕ್ಸ್ ಕಾಗದ ಸುಮಾರು 75ರಿಂದ 80 ಜಿಎಸ್‌ಎಂ, ಅದು ಕಚ್ಚಾ ಮಾದರಿಗೆ ಸಾಕು. ಸೂಕ್ಷ್ಮ ಕತ್ತರಿಕೆಗೆ 120ರಿಂದ 160, ಎದ್ದು ನಿಲ್ಲಬೇಕಾದ್ದಕ್ಕೆ 200ರಿಂದ 300. ಬೆಂಗಳೂರಿನವರು ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆ ಸುತ್ತಿದರೆ ಲಗ್ನಪತ್ರಿಕೆಗೆಂದು ತರಿಸಿದ ಚೆಂದಚೆಂದದ ಕಾಗದಗಳು ಬಿಡಿಹಾಳೆಯಲ್ಲೂ ಸಿಗುತ್ತವೆ. ಬೇರೆ ಊರುಗಳಲ್ಲಿ ಪ್ರಿಂಟಿಂಗ್ ಪ್ರೆಸ್ಸಿನವರನ್ನು ಕೇಳಿ ನೋಡಿ, ಕತ್ತರಿಸಿ ಉಳಿದ ತುಂಡುಗಳನ್ನು ಎಷ್ಟೋ ಸಲ ಸುಮ್ಮನೆ ಕೊಡುತ್ತಾರೆ.

ಕಟರಿಗೆ 30 ಡಿಗ್ರಿ ಮೊನೆಯ ಬ್ಲೇಡು, ಇಲ್ಲವೇ ಮೆಡಿಕಲ್ ಅಂಗಡಿಯಲ್ಲಿ ಸಿಗುವ 11 ನಂಬರಿನ ಸರ್ಜಿಕಲ್ ಬ್ಲೇಡು ಮತ್ತು ಅದರ ಹಿಡಿ. ಬ್ಲೇಡು ಮೊಂಡಾದರೆ ಕಾಗದ ಹರಿಯುತ್ತದೆ, ಕೈಯಲ್ಲಿ ಒತ್ತಡ ಹೆಚ್ಚಿ ಬೆರಳೂ ಕೊಯ್ದುಕೊಳ್ಳುತ್ತದೆ. ಹಾಗಾಗಿ ಬ್ಲೇಡಿನಲ್ಲಿ ಜಿಪುಣತನ ಬೇಡ. ಸ್ಟೀಲ್ ಸ್ಕೇಲು, ಕಟಿಂಗ್ ಮ್ಯಾಟ್, ಇಂಕು ಮುಗಿದ ಬಾಲ್‌ಪೆನ್ನು, ಫೋಮ್ ಟೇಪು, ಫೆವಿಕಾಲ್, ಅಂಟು ಹಚ್ಚಲು ಹಲ್ಲುಕಡ್ಡಿ. ಮುಗಿಯಿತು.

ಕಾಗದಕ್ಕೆ ಮರದ ಹಾಗೆ ನಾರಿನ ದಿಕ್ಕಿದೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಮಡಿಕೆ ಬೀಳದಂತೆ ಮೆಲ್ಲಗೆ ಬಾಗಿಸಿ. ಯಾವ ಕಡೆ ತಕರಾರಿಲ್ಲದೆ ಬಾಗುತ್ತದೋ ಆ ಮಡಿಕೆಗೆ ಸಮಾನಾಂತರವಾಗಿ ನಾರು ಓಡುತ್ತದೆ. ಆ ದಿಕ್ಕಿನಲ್ಲಿ ಮಡಿಸಿದರೆ ಗೆರೆ ನೇರ ಬರುತ್ತದೆ, ಅಡ್ಡ ಮಡಿಸಿದರೆ ಒಡೆದು ಬಿಳಿ ಸುಕ್ಕು ಕಾಣುತ್ತದೆ. ಮಡಿಸುವ ಮೊದಲು ಖಾಲಿ ಪೆನ್ನಿನಿಂದ ಒಂದು ಗೀರು ಎಳೆಯುವುದನ್ನು ಮರೆಯಬೇಡಿ.

ಮೊದಲ ಪಾಠ: ಎದ್ದು ನಿಲ್ಲುವ ಪೆಟ್ಟಿಗೆ

200 ಜಿಎಸ್‌ಎಂನ ಎ4 ಹಾಳೆಯನ್ನು ಅರ್ಧಕ್ಕೆ ಮಡಿಸಿ. ಮಡಿಕೆಯ ನಡುಭಾಗದಲ್ಲಿ 3 ಸೆಂಟಿಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ, ಅಲ್ಲಿಂದ ಒಳಕ್ಕೆ 4 ಸೆಂಟಿಮೀಟರ್ ಉದ್ದದ ಎರಡು ಸೀಳು ಕತ್ತರಿಸಿ. ಸೀಳುಗಳ ತುದಿಯನ್ನು ಸೇರಿಸಿ ಗೀರೆಳೆದು, ಆ ಪಟ್ಟಿಯನ್ನು ಮುಂದಕ್ಕೂ ಹಿಂದಕ್ಕೂ ಮಡಿಸಿ ಪಳಗಿಸಿ. ಈಗ ಹಾಳೆಯನ್ನು ನೆಲ ಮತ್ತು ಗೋಡೆಯಂತೆ 90 ಡಿಗ್ರಿಗೆ ತೆರೆದು ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ. 4 ಸೆಂಟಿಮೀಟರ್ ಎತ್ತರ, 4 ಸೆಂಟಿಮೀಟರ್ ಆಳದ ಪುಟ್ಟ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಅದರ ಮುಂಭಾಗಕ್ಕೆ ಮರವನ್ನೋ ಬೆಕ್ಕನ್ನೋ ಕತ್ತರಿಸಿ ಅಂಟಿಸಿ.

ಮುಚ್ಚಿ ತೆರೆದು ನೋಡಿ. ಮುಚ್ಚಿದಾಗ ಪೆಟ್ಟಿಗೆಯ ಮೂಲೆ ಮಡಿಕೆಯಿಂದ 8 ಸೆಂಟಿಮೀಟರ್ ದೂರಕ್ಕೆ, ಎಂದರೆ ಸೀಳಿನ ಎರಡರಷ್ಟು ದೂರಕ್ಕೆ ಚಾಚುತ್ತದೆ. ಅರ್ಧ ಮಡಿಸಿದ ಎ4 ಹಾಳೆ ಮಡಿಕೆಯಿಂದ ಅಂಚಿಗೆ ಸುಮಾರು 14.8 ಸೆಂಟಿಮೀಟರ್ ಇರುವುದರಿಂದ ಸೀಳು 7.4 ಸೆಂಟಿಮೀಟರ್ ದಾಟಿತೆಂದರೆ ಮೂಲೆ ಪುಸ್ತಕದಿಂದ ಹೊರಗೆ ಇಣುಕಲು ಶುರುವಾಗುತ್ತದೆ. ಪಾಪ್‌ಅಪ್ ಪುಸ್ತಕ ಮಾಡುವವರೆಲ್ಲ ಈ ಲೆಕ್ಕದ ಜತೆ ಗುದ್ದಾಡುವವರೇ. ಬೇರೆ ಬೇರೆ ಉದ್ದದ ಮೂರು ಪೆಟ್ಟಿಗೆ ಮಾಡಿದರೆ ಸಾಕು, ಹತ್ತಿರದ್ದು, ನಡುವಿನದು, ದೂರದ್ದು ಎಂಬ ಮೂರು ನೆಲೆ ನಿಮ್ಮ ಚಿತ್ರಕ್ಕೆ ಬಂತು.

ಇದಾದ ಮೇಲೆ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಒಂದು ಪಕ್ಕದಿಂದ ಹಿಡಿಯಿರಿ. ಟಾರ್ಚು ಎದುರಿಗಿದ್ದರೆ ಚಪ್ಪಟೆ. ಓರೆಯಾಗಿ ತಂದರೆ ಬೆಕ್ಕಿನ ಕಿವಿಯ ನೆರಳು ಗೋಡೆಗೆ ಹೋಗುತ್ತದೆ. ನಾನು ನಡೆಸುವ ಶಿಬಿರಗಳಲ್ಲಿ ಮಕ್ಕಳು ಈ ಗಳಿಗೆಯಲ್ಲಿ ಒಮ್ಮೆಲೇ ಸುಮ್ಮನಾಗುತ್ತಾರೆ.

ಬೆಳಕಿನ ಪೆಟ್ಟಿಗೆ

ಹರಿ-ದೀಪ್ತಿಯವರ ದಾರಿಯಲ್ಲಿ ಹೋಗಬೇಕೆಂದರೆ 5 ಪದರಗಳಿಂದ ಶುರು ಮಾಡಿ. ಎಲ್ಲವೂ ಒಂದೇ ಬಿಳಿ ಕಾಗದ. ಬಣ್ಣ ಬೇಡ, ಬಣ್ಣದ ಕೆಲಸವನ್ನು ದಪ್ಪವೇ ಮಾಡುತ್ತದೆ. ಹಿಂದಿನಿಂದ ಬೆಳಕು ಬಿಟ್ಟಾಗ ಒಂದೇ ಪದರವಿರುವ ಜಾಗ ಬೆಳ್ಳಗೆ ಹೊಳೆಯುತ್ತದೆ, ಎರಡಿದ್ದಲ್ಲಿ ಬೂದು, ಐದೂ ಸೇರಿದಲ್ಲಿ ಕತ್ತಲು. ಹಾಗಾಗಿ ದೂರದ ಬೆಟ್ಟವನ್ನು ಕೊನೆಯ ಪದರದಲ್ಲಿ, ಹತ್ತಿರದ ಮರವನ್ನು ಎಲ್ಲಕ್ಕಿಂತ ಮುಂದಿನ ಪದರದಲ್ಲಿ ಬರೆದುಕೊಳ್ಳಿ. ಮುಂಜಾನೆ ಘಟ್ಟ ಹತ್ತಿ ನಿಂತರೆ ಬೆಟ್ಟಸಾಲು ಕಾಣುವುದೂ ಹೀಗೆಯೇ, ದೂರ ಹೋದಷ್ಟೂ ತಿಳಿ.

ಪ್ರತಿ ಪದರದ ನಾಲ್ಕೂ ಸುತ್ತ 3 ಸೆಂಟಿಮೀಟರ್ ಅಂಚು ಬಿಡಿ, ಪದರಗಳ ನಡುವೆ 5 ಮಿಲಿಮೀಟರ್ ಸನ್‌ಬೋರ್ಡಿನ ಪಟ್ಟಿ ಕೊಡಿ. ಕೊನೆಗೊಂದು ಟ್ರೇಸಿಂಗ್ ಪೇಪರ್ ಅಥವಾ ಬಟರ್ ಪೇಪರ್. ಎಲ್‌ಇಡಿ ಪಟ್ಟಿಯನ್ನು ಪೆಟ್ಟಿಗೆಯ ಒಳಗೋಡೆಗೆ ಸುತ್ತಲೂ ಅಂಟಿಸಿ, ಬೆಳಕು ಮೊದಲು ಹಿಂಬದಿಯ ಬಿಳಿ ರಟ್ಟಿಗೆ ಬಡಿದು ಹರಡಿ ಮುಂದೆ ಬರಲಿ. ನೇರ ಮುಂದಕ್ಕೆ ಮುಖ ಮಾಡಿಸಿದರೆ ದೀಪದ ಚುಕ್ಕಿಗಳು ಸಾಲಾಗಿ ಕಾಣುತ್ತವೆ. ಕಾಗದ ಬಲ್ಬಿಗೆ ತಾಗಬಾರದು, ಗಾಳಿಯಾಡಲು ಹಿಂದೆ ಎರಡು ತೂತಿರಲಿ, ಮೋಂಬತ್ತಿ ಅಂತೂ ಬೇಡವೇ ಬೇಡ.

ಈ ಜಾಣ್ಮೆ ನಮ್ಮ ನೆಲಕ್ಕೆ ಹೊಸದೇನಲ್ಲ. ತೊಗಲುಗೊಂಬೆಯವರು ಮೇಕೆಯ ಚರ್ಮವನ್ನು ಬೆಳಕು ತೂರುವಷ್ಟು ತೆಳುವಾಗಿ ಹದ ಮಾಡಿ, ಬಣ್ಣ ಹಚ್ಚಿ, ಒಡವೆಯ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಪರದೆಯ ಹಿಂದೆ ದೀಪ ಇಟ್ಟಾಗ ಆ ತೂತುಗಳೇ ಹೊಳೆಯುವ ಹರಳು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಇದೇ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಬಂತು. ಕಾಗದದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಕನ್ನಡದ ಹುಡುಗಿಯೂ ಒಂದು ತೊಗಲುಗೊಂಬೆಯಾಟವನ್ನು ಪರದೆಯ ಹಿಂಬದಿ ಕುಳಿತು ನೋಡಬೇಕು ಎಂದು ನನಗೆ ತುಂಬ ಆಸೆ. ಕೈಕಾಲಿನ ಕೀಲನ್ನು ಎಲ್ಲಿ ಗಂಟು ಹಾಕುತ್ತಾರೆ, ಗೊಂಬೆ ಪರದೆಗೆ ಒತ್ತಿದಾಗ ಗೆರೆ ಹೇಗೆ ಚೂಪಾಗುತ್ತದೆ, ಸರಿದಾಗ ಹೇಗೆ ಮಸುಕಾಗುತ್ತದೆ ಎಂಬುದನ್ನು ಯಾವ ಪುಸ್ತಕವೂ ಅಷ್ಟು ಚೆನ್ನಾಗಿ ಹೇಳದು.

ನನ್ನ ಮೊದಲ ಬೆಳಕಿನ ಪೆಟ್ಟಿಗೆಯನ್ನು ಮಾಡಿದ್ದು ಊರಿನಲ್ಲಿ, ಜೂನ್ ತಿಂಗಳಲ್ಲಿ. ರಾತ್ರಿ ನೇರವಾಗಿದ್ದ ಪದರಗಳು ಬೆಳಗಾಗುವಷ್ಟರಲ್ಲಿ ಹಪ್ಪಳದಂತೆ ಬಾಗಿದ್ದವು. ಅತ್ತೇಬಿಟ್ಟೆ. ಆಮೇಲೆ ತಿಳಿಯಿತು: ಕಾಗದದ ನಾರು ತೇವ ಹೀರಿದಾಗ ದಪ್ಪದಲ್ಲಿ ಉಬ್ಬುತ್ತದೆ, ಉದ್ದದಲ್ಲಿ ಹೆಚ್ಚು ಬೆಳೆಯುವುದಿಲ್ಲ. ಅದಕ್ಕೇ ಹಾಳೆ ನಾರಿನ ಅಡ್ಡಕ್ಕೆ ಹಿಗ್ಗಿ ಡೊಂಕಾಗುತ್ತದೆ. ನೀರಿನಂಶದ ಅಂಟನ್ನು ಒಂದೇ ಬದಿಗೆ ಧಾರಾಳ ಬಳಿದದ್ದು ಇನ್ನಷ್ಟು ಕೆಡಿಸಿತ್ತು. ಈಗ ಎಲ್ಲ ಪದರಗಳ ನಾರನ್ನೂ ಒಂದೇ ದಿಕ್ಕಿಗೆ ಇಡುತ್ತೇನೆ, ಅಂಟನ್ನು ಹಲ್ಲುಕಡ್ಡಿಯ ತುದಿಯಲ್ಲಿ ಚುಕ್ಕಿಯಷ್ಟೇ ಇಡುತ್ತೇನೆ, ದಪ್ಪ ಪುಸ್ತಕಗಳ ಅಡಿಯಲ್ಲಿ ಒಣಗಿಸುತ್ತೇನೆ. ಮಳೆಗಾಲದಲ್ಲಿ ಕೆಲಸ ಮುಗಿದ ದಿನವೇ ಫೋಟೊ ತೆಗೆದುಬಿಡುತ್ತೇನೆ.

ಫೋಟೊ

ಇಲ್ಲಿ ಅವಸರ ಮಾಡಿ ತಿಂಗಳ ಕೆಲಸವನ್ನು ಹಾಳು ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ. ಒಂದೇ ಮುಖ್ಯ ದೀಪ ಇರಲಿ, ಎಡ ಮೇಲ್ಭಾಗದಿಂದ ಓರೆಯಾಗಿ. ಎದುರು ಬದಿಗೆ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ತೀರಾ ಕಪ್ಪಾದ ನೆರಳು ತುಸು ತಿಳಿಯಾಗುತ್ತದೆ. ದೀಪ ಚಿಕ್ಕದಾಗಿ ದೂರದಲ್ಲಿದ್ದರೆ ನೆರಳಿನ ಅಂಚು ಚೂಪು, ಬಟರ್ ಪೇಪರಿನ ಪರದೆ ಹಿಡಿದು ದೊಡ್ಡದು ಮಾಡಿದರೆ ಮೆತ್ತಗೆ. ಮಧ್ಯಾಹ್ನದ ಕಥೆಗೆ ಮೊದಲನೆಯದು, ಮಳೆಗಾಲದ ಕಥೆಗೆ ಎರಡನೆಯದು. ಟ್ಯೂಬ್‌ಲೈಟು, ಫ್ಲ್ಯಾಶು ಎರಡನ್ನೂ ಆರಿಸಿ.

ಮೊಬೈಲನ್ನು ಗೊಂಬೆಯ ಮೂಗಿಗೆ ತಾಗಿಸಿ ತೆಗೆದರೆ ಅಂಚುಗಳೆಲ್ಲ ಬಾಗುತ್ತವೆ. ಒಂದು ಮೀಟರ್ ಹಿಂದೆ ಸರಿದು 2ಎಕ್ಸ್ ಲೆನ್ಸಿನಲ್ಲಿ ತೆಗೆಯಿರಿ. ಕ್ಯಾಮೆರಾ ಇದ್ದವರು ಅಪರ್ಚರನ್ನು ಎಫ್‌8 ಅಥವಾ ಎಫ್‌11 ಇಟ್ಟುಕೊಳ್ಳಿ. ಹಿನ್ನೆಲೆ ತೀರಾ ಮಸುಕಾದರೆ ನೋಡುವವರಿಗೆ ಇದು ಆಟಿಕೆ ಎಂದು ತಕ್ಷಣ ಹೊಳೆದು, ಕಥೆಯ ಊರು ಮಾಯವಾಗುತ್ತದೆ. ಕ್ಯಾಮೆರಾದ ಎತ್ತರ ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಯಲಿ.

ಕಾಗದ ನಡೆಯತೊಡಗಿದಾಗ

ಸಿನಿಮಾಕ್ಕೆ ಸೆಕೆಂಡಿಗೆ 24 ಚೌಕಟ್ಟು. ಕಾಗದದ ಅನಿಮೇಶನ್‌ನಲ್ಲಿ ಒಂದೊಂದು ಫೋಟೊವನ್ನು ಎರಡು ಚೌಕಟ್ಟಿಗೆ ಬಳಸುವುದು ರೂಢಿ, ಹಾಗಾಗಿ ಸೆಕೆಂಡಿಗೆ 12 ಫೋಟೊ ಸಾಕು. 10 ಸೆಕೆಂಡಿನ ತುಣುಕಿಗೆ 120. ಮೊಬೈಲಿನಲ್ಲಿ ಸ್ಟಾಪ್ ಮೋಶನ್ ಸ್ಟುಡಿಯೊ ಆ್ಯಪ್‌ನಿಂದ ಶುರು ಮಾಡಿ. ಹಿಂದಿನ ಫೋಟೊವನ್ನು ತೆಳುವಾಗಿ ತೋರಿಸುತ್ತದಾದ್ದರಿಂದ ಗೊಂಬೆ ಎಷ್ಟು ಸರಿಯಿತು ಎಂದು ಕಾಣುತ್ತದೆ. ವೃತ್ತಿಯವರು ಬಳಸುವುದು ಡ್ರ್ಯಾಗನ್‌ಫ್ರೇಮ್.

ಮೊದಲ ಪ್ರಯೋಗಕ್ಕೆ ಒಂದು ಮೋಡವನ್ನು ಎರಡು ಸೆಕೆಂಡಿನಲ್ಲಿ ಎಡದಿಂದ ಬಲಕ್ಕೆ ಒಯ್ಯಿರಿ. 24 ಫೋಟೊ. ಮೊದಲ ನಾಲ್ಕಕ್ಕೆ ಒಂದೊಂದು ಮಿಲಿಮೀಟರ್, ಆಮೇಲೆ ಎರಡು, ನಾಲ್ಕು, ನಡುವೆ ಐದೈದು, ಮತ್ತೆ ಇಳಿಸುತ್ತ ಬಂದು ಕೊನೆಗೆ ಒಂದು. ಎಲ್ಲ ಹೆಜ್ಜೆಯೂ ಒಂದೇ ಅಳತೆಯಾದರೆ ಮೋಡ ಹಗ್ಗ ಕಟ್ಟಿ ಎಳೆದಂತೆ ಕಾಣುತ್ತದೆ. ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಕಿಟಕಿಗೆ ದಪ್ಪ ಪರದೆ ಹಾಕಿ, ಬಿಸಿಲು ಸರಿಯುತ್ತಲೇ ಇರುತ್ತದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್ ಆದ್ದರಿಂದ ಶಟರನ್ನು 1/50 ಅಥವಾ 1/25 ಸೆಕೆಂಡಿಗೆ ಇಟ್ಟರೆ ದೀಪದ ಮಿಣುಕು ಹೆಚ್ಚಾಗಿ ತೊಲಗುತ್ತದೆ. ಗಾಢ ಬಣ್ಣದ ಬಟ್ಟೆ ಹಾಕಿಕೊಳ್ಳಿ. ಬಿಳಿ ಅಂಗಿಯಿಂದ ಚಿಮ್ಮಿದ ಬೆಳಕು ಪ್ರತಿ ಫೋಟೊದಲ್ಲೂ ಬೇರೆಯಾಗುತ್ತದೆ.

ಈಗ ನಾರ್‌ಸ್ಟೀನರ ಮಂಜು. 1975ರ ‘ಮಂಜಿನಲ್ಲಿ ಮುಳ್ಳುಹಂದಿ’ ಚಿತ್ರದಲ್ಲಿ ಬಿಳಿ ಕುದುರೆಯೊಂದು ಮಂಜಿನೊಳಗಿಂದ ಮೂಡಿ ಮತ್ತೆ ಕರಗುತ್ತದೆ. ದೃಶ್ಯದ ಮೇಲೆ ತೀರಾ ತೆಳುವಾದ ಕಾಗದ ಹಾಸಿ, ಅದನ್ನು ಚೌಕಟ್ಟು ಚೌಕಟ್ಟಿಗೂ ಕ್ಯಾಮೆರಾದ ಕಡೆಗೆ ಎತ್ತುತ್ತ ಹೋದರು, ಅಷ್ಟೇ. ಕಾಗದ ಚಿತ್ರಕ್ಕೆ ಅಂಟಿಕೊಂಡಿದ್ದಾಗ ಕೆಳಗಿನದು ಸ್ಪಷ್ಟ, ಮೇಲೆದ್ದಷ್ಟೂ ಮಂಜು. ನಿಮ್ಮ ಅಡುಗೆಮನೆಯ ಬಟರ್ ಪೇಪರಿನಲ್ಲಿ ಇಂದೇ ಮಾಡಿ ನೋಡಿ. ಕಂಪ್ಯೂಟರ್ ಎಫೆಕ್ಟ್ ಬೇಡ ಎನ್ನಿಸುತ್ತದೆ.

ಕಾಗದ ನಿಮ್ಮದು, ಫೋಟೊ ಯಾರದು?

ಬೆಕ್ ಹೀನಾ ಅವರ ಮೊದಲ ದೊಡ್ಡ ಯಶಸ್ಸು 2004ರ ‘ಕ್ಲೌಡ್ ಬ್ರೆಡ್’. ಮಳೆಯ ದಿನ ಮರಕ್ಕೆ ಸಿಕ್ಕಿದ್ದ ಮೋಡದ ತುಣುಕಿನಿಂದ ಅಮ್ಮ ಬ್ರೆಡ್ ಮಾಡುತ್ತಾಳೆ, ತಿಂದ ಬೆಕ್ಕಿನ ಮರಿಗಳು ಹಾರತೊಡಗುತ್ತವೆ. ಆ ಪುಸ್ತಕ ಟಿವಿ ಅನಿಮೇಶನ್ ಆಯಿತು, ಸಂಗೀತ ನಾಟಕವಾಯಿತು. ಆದರೆ ಹೊಸಬರಾಗಿದ್ದ ಅವರು ಒಂದೇ ಗಂಟಿನ ಹಣಕ್ಕೆ ಎಲ್ಲ ಹಕ್ಕೂ ಬರೆದುಕೊಟ್ಟಿದ್ದರು. ಕೋರ್ಟಿಗೆ ಹೋದರೂ ಗೆಲ್ಲಲಿಲ್ಲ. ಲಿಂಡ್‌ಗ್ರೆನ್ ಪ್ರಶಸ್ತಿ ಬಂದ 2020ರಲ್ಲೇ ಕೊರಿಯಾದ ಸುಪ್ರೀಂ ಕೋರ್ಟ್ ಕೂಡ ಅವರ ಮನವಿಯನ್ನು ತಳ್ಳಿಹಾಕಿತು. ಇದನ್ನು ಬರೆಯುವಾಗ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಅನ್ನು ಈ ಕೆಲಸದವರು ಎರಡು ಸಲ ಓದಬೇಕು. ಹಣ ಕೊಟ್ಟು ಹೇಳಿ ಮಾಡಿಸಿದ ಫೋಟೊ, ವರ್ಣಚಿತ್ರ, ಸಿನಿಮಾಗಳಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಹಕ್ಕುದಾರರು ಮಾಡಿಸಿಕೊಂಡವರು. ಕತ್ತರಿಸಿದ ಕಾಗದದ ಶಿಲ್ಪದ ಹೆಸರು ಆ ಪಟ್ಟಿಯಲ್ಲಿಲ್ಲ, ಫೋಟೊ ಮತ್ತು ಚಿತ್ರದ ಹೆಸರಿದೆ. ಪ್ರಕಾಶಕರ ಕೈ ಸೇರುವುದೋ ಇವೆರಡೇ! ಆದ್ದರಿಂದ ಕೆಲಸ ಹಿಡಿಯುವ ಮೊದಲೇ ಬರಹದಲ್ಲಿ ಕೇಳಿ: ಪುಸ್ತಕಕ್ಕೆ ಮಾತ್ರವೇ, ಅನಿಮೇಶನ್‌ಗೂ ಆಟಿಕೆಗೂ ಸೇರಿಯೇ? ಎಷ್ಟು ವರ್ಷ, ಯಾವ ದೇಶ? 19ನೇ ಕಲಂ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಅರ್ಥ. ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಿ, ಆ ಫೀಸು ದಂಡವಲ್ಲ. ಶಿಲ್ಪ, ಗೊಂಬೆ, ಸೆಟ್ಟು ಕಲಾವಿದರಲ್ಲೇ ಉಳಿಯುತ್ತದೆ ಎಂದು ಒಂದು ಸಾಲನ್ನು ಪ್ರತ್ಯೇಕವಾಗಿ ಸೇರಿಸಿ.

ದರ ಹೇಳುವಾಗ ದಿನದ ಲೆಕ್ಕ ಹಿಡಿಯಿರಿ: ಕಚ್ಚಾ ಮಾದರಿಗೆ ಎಷ್ಟು ದಿನ, ಕತ್ತರಿಕೆಗೆ ಎಷ್ಟು, ಫೋಟೊಗೆ ಎಷ್ಟು. ಕಾಗದದಲ್ಲಿ ತಿದ್ದುಪಡಿ ಎಂದರೆ ಮತ್ತೆ ಮೊದಲಿಂದ ಕತ್ತರಿಸುವುದು. ಪೆನ್ಸಿಲ್ ಕರಡು ಒಪ್ಪಿದ ಮೇಲೆ ಬರುವ ಬದಲಾವಣೆಗೆ ಬೇರೆ ಹಣ ಎಂಬುದನ್ನೂ ಅದೇ ಕಾಗದದಲ್ಲಿ ಬರೆದುಬಿಡಿ.

ಗೊಂಬೆಗಳು ಮನೆಗೆ ಮರಳಿದ ಮೇಲೆ ಅವನ್ನು ಬಿಸಾಡಬೇಡಿ. ಪ್ರತಿ ತುಂಡಿನ ಬೆನ್ನಿಗೆ ಪೆನ್ಸಿಲಿನಲ್ಲಿ ಪುಟ ಸಂಖ್ಯೆ, ದಿನಾಂಕ ಬರೆಯಿರಿ. ಮುಚ್ಚಳ ಗಟ್ಟಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನಡುವೆ ಬಟರ್ ಪೇಪರ್ ಹಾಸಿ, ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಗೋಡೆಗೆ ತಾಗಿಸಿ ಇಡಬೇಡಿ, ಗೆದ್ದಲು ಬರುವುದು ಅಲ್ಲಿಂದಲೇ. ಕರಾವಳಿಯವರು ನವರಾತ್ರಿ ಕಳೆದು ಬಿಸಿಲು ಬಿದ್ದ ಮೇಲೆ ಒಮ್ಮೆ ಡಬ್ಬಿ ತೆರೆದು ನೆರಳಿನಲ್ಲಿ ಗಾಳಿಗಿಟ್ಟು, ಸಿಲಿಕಾ ಬದಲಾಯಿಸಿ. ಅಷ್ಟು ಹೊತ್ತಿಗೆ ಗೂಡುದೀಪದ ಕಾಗದವೂ ಅಂಗಡಿಗೆ ಬಂದಿರುತ್ತದೆ.